ಬೋರ್ಡಿನ ಮೇಲಿನ ನಂಬರು ಯಾರದು?

(ಕಲಬುರಗಿಯ ಮಹಿಳಾ ಕಾಲೇಜೊಂದರಲ್ಲಿ ವಕೀಲೆಯಾಗಿ ನಾನು ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಸ್ವಲ್ಪ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಮ್ಮ ಕಲಬುರಗಿಯ ಬಿಸಿಲಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಕಾನೂನಿನ ಮಾತು ಕೇಳಲು ಇಷ್ಟು ಜನ ಬಂದಿದ್ದೀರಿ. ಕೆಲವರನ್ನು ಲೆಕ್ಚರರ್ ಕೂರಿಸಿದ್ದಾರೆ ಅಂತ ಗೊತ್ತು. ಪರವಾಗಿಲ್ಲ. ಸೆಕ್ಷನ್ ನಂಬರಿನಿಂದ ಶುರು ಮಾಡಿದರೆ ನೀವು ಹತ್ತು ನಿಮಿಷಕ್ಕೆ ತೂಕಡಿಸುತ್ತೀರಿ. ಅದಕ್ಕೇ ರೊಟ್ಟಿಯಿಂದ ಶುರು ಮಾಡುತ್ತೇನೆ.

ನನ್ನ ಹತ್ತಿರ ಒಬ್ಬರು ಬಂದಿದ್ದರು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಅಕ್ಕ ಅಂತಲೇ ಕರೆಯೋಣ. ಅಕ್ಕನದು ಸಣ್ಣ ರೊಟ್ಟಿ ಕೇಂದ್ರ. ಮನೆ ಮುಂದಿನ ಕೋಣೆಯಲ್ಲಿ ಎರಡು ಒಲೆ, ಬಡಿಯಲು ನಾಲ್ಕು ಜನ ಹೆಣ್ಣುಮಕ್ಕಳು. ಬಾಗಿಲ ಮೇಲೆ ತಗಡಿನ ಬೋರ್ಡು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಆರ್ಡರ್ ತೆಗೆದುಕೊಳ್ಳಲಾಗುವುದು. ಕೆಳಗೆ ಹತ್ತು ಅಂಕಿಯ ಮೊಬೈಲ್ ನಂಬರು, ದೊಡ್ಡ ಕೆಂಪು ಅಕ್ಷರದಲ್ಲಿ.

ಒಂದು ಮದುವೆಗೆ ಐನೂರು ರೊಟ್ಟಿ ಕೊಟ್ಟಿದ್ದರು. ಅರ್ಧ ದುಡ್ಡು ಬಾಕಿ. ಫೋನ್ ಮಾಡಿದರೆ ಇವತ್ತು, ನಾಳೆ ಅಂತ ಮುಂದೂಡುತ್ತಿದ್ದರು. ಒಂದು ದಿನ ಅಕ್ಕ ಅವರ ಮನೆ ಬಾಗಿಲಿಗೇ ಹೋಗಿ, ಓಣಿಗೆ ಕೇಳುವ ಹಾಗೆ ಬಾಕಿ ಕೇಳಿದರು. ದುಡ್ಡೂ ಬಂತು. ಎರಡು ದಿನ ಬಿಟ್ಟು ರಾತ್ರಿ ಹನ್ನೊಂದೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನು. "ರೇಟ್ ಎಷ್ಟು?" ಅಂತ ಗಂಡಸಿನ ದನಿ. ಅಕ್ಕ ನಿದ್ದೆಗಣ್ಣಲ್ಲಿ ಹೇಳಿದರು: "ಎಂಟ್ ರೂಪಾಯಿಗೊಂದ್ ರೀ. ಖಡಕ್ ಬೇಕೋ, ಮೆತ್ತಂದು ಬೇಕೋ?"

ಆ ಕಡೆ ನಗು.

ಇದನ್ನು ಹೇಳುವಾಗ ನನ್ನ ಆಫೀಸಿನಲ್ಲಿ ಅಕ್ಕ ಅತ್ತಿದ್ದು ಉಳಿದ ನೂರು ಫೋನಿಗಲ್ಲ. ಆ ಮೊದಲನೆಯದಕ್ಕೆ ತಾನು ರೊಟ್ಟಿಯ ರೇಟ್ ಹೇಳಿದ್ದಕ್ಕೆ.

ಆಗಿದ್ದು ಇಷ್ಟು. ಯಾರೋ ಆ ಬೋರ್ಡಿನ ಫೋಟೋ ಹೊಡೆದಿದ್ದಾರೆ. ರೊಟ್ಟಿ, ಹಿಂಡಿ ಎಲ್ಲ ಕತ್ತರಿಸಿ ನಂಬರು ಮಾತ್ರ ಉಳಿಸಿದ್ದಾರೆ. ಮೇಲೆ ಒಂದು ಹೊಲಸು ಸಾಲು, ಅಕ್ಕನ ಹೆಸರು, ಓಣಿಯ ಹೆಸರು. ಹೊಸ ಅಕೌಂಟ್ ತೆರೆದು ನಾಲ್ಕೈದು ಕಡೆ ಹಾಕಿದ್ದಾರೆ. ಮನೆಯಲ್ಲಿ ಗಂಡ ಕೇಳಿದ್ದು: "ನಂಬರ್ ಯಾಕ ಬೋರ್ಡ್ ಮ್ಯಾಲ ಬರ್ಸಿದಿ?" ಒಂದು ಠಾಣೆಯಲ್ಲಿ ಕೇಳಿದ್ದು: "ನೀವೇ ಬರ್ಸೀರಲ್ರಿ, ಇದ್ರಾಗ ಖಾಸಗಿ ಏನದ?"

ಇವತ್ತಿನ ನನ್ನ ಮಾತೆಲ್ಲ ಆ ಎರಡನೇ ಪ್ರಶ್ನೆಗೆ ಉತ್ತರ. ಮೊದಲನೆಯದಕ್ಕೆ ಉತ್ತರ ಕೊಡುವಷ್ಟು ತಾಳ್ಮೆ ನನಗಿಲ್ಲ.

ನಮ್ಮ ಕಡೆ ಹೊಸಬರು ಬಸ್ಸಿನಲ್ಲಿ ಪಕ್ಕ ಕೂತರೆ ಏನು ಕೇಳುತ್ತೇವೆ? ಯಾವೂರ್ರಿ, ಯಾರ ಪೈಕಿ, ಮನಿ ಎಲ್ಲಿ ಬಂತು, ಮಕ್ಕಳೆಷ್ಟು. ಬೆಂಗಳೂರಿನ ನನ್ನ ಗೆಳತಿ ಇದಕ್ಕೆ ಗಾಬರಿಯಾಗುತ್ತಾಳೆ. ನಾವು ಆಗುವುದಿಲ್ಲ. ಅದಕ್ಕೇ ಕೆಲವರು ಹೇಳುತ್ತಾರೆ, ಖಾಸಗಿತನ ಎಲ್ಲ ದೊಡ್ಡ ಊರಿನವರ ಚಟ, ನಮ್ಮಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಬಸ್ಸಿನಲ್ಲಿ ಕೇಳಿದವರು ತಮ್ಮ ಊರನ್ನೂ ಹೇಳುತ್ತಾರೆ. ನನ್ನ ಮನೆ ಅವರಿಗೆ ಗೊತ್ತಾದರೆ ಅವರ ಮನೆ ನನಗೆ ಗೊತ್ತಾಗುತ್ತದೆ. ನಾಳೆ ಅವರು ಬಾಯಿಗೆ ಬಂದಂತೆ ಮಾತಾಡಿದರೆ ಅವರ ಅವ್ವನ ಮುಂದೆ ಹೋಗಿ ನಿಲ್ಲಬಹುದು. ಮೊಬೈಲ್‌ನಲ್ಲಿ ನಂಬರು ಹಾಕಿದವನು ಹಾಗಲ್ಲ. ಅಕ್ಕ ಪೂರ್ತಿ ಬೆಳಕಿನಲ್ಲಿ, ಅವನು ಪೂರ್ತಿ ಕತ್ತಲೆಯಲ್ಲಿ.

ಇದಕ್ಕೆ ಡಾಕ್ಸಿಂಗ್ ಅನ್ನುತ್ತಾರೆ. ಡಾಕ್ಯುಮೆಂಟ್ಸ್ ಪದವನ್ನು ಮೊಟಕು ಮಾಡಿ, 1990ರ ದಶಕದಲ್ಲಿ ಹ್ಯಾಕರ್‌ಗಳು ಒಬ್ಬರ ಮೇಲೊಬ್ಬರು ಸೇಡು ತೀರಿಸಿಕೊಳ್ಳುವಾಗ ಹುಟ್ಟಿದ ಮಾತು. ಎದುರಾಳಿಯ ನಿಜವಾದ ಹೆಸರು, ವಿಳಾಸದ ಕಾಗದ ಬಯಲಿಗಿಡುವುದು. ಕನ್ನಡದಲ್ಲಿ ಒಂದು ಪದ ಹುಡುಕಿದೆ, ಸರಿಯಾದ್ದು ಸಿಗಲಿಲ್ಲ. ಅಕ್ಕನ ಮಾತೇ ಚೆನ್ನಾಗಿದೆ: "ನನ್ನ ಬೀದಿಗಿಟ್ರು."

ಈಗ ಕಾನೂನಿಗೆ ಬರೋಣ. ಡಾಕ್ಸಿಂಗ್ ಅಂತ ಹೆಸರಿಟ್ಟು ಒಂದು ಸೆಕ್ಷನ್ ನಮ್ಮ ದೇಶದಲ್ಲಿ ಇಲ್ಲ. 2024ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಒಂದು ಕೇಸು ಬಂತು. ಒಬ್ಬ ಮಹಿಳೆ ಒಂದು ರಾಜಕೀಯ ಪೋಸ್ಟ್ ಹಾಕಿದ್ದರು. ಅದಕ್ಕೆ ಸಿಟ್ಟಾದವರು ಅವರ ಫೋಟೋ, ಕೆಲಸ ಮಾಡುವ ಜಾಗ ಎಲ್ಲ ಬಯಲಿಗೆಳೆದಿದ್ದರು. ಇದು ಇನ್ನೂ ಕಾನೂನಿನ ಪುಸ್ತಕದಲ್ಲಿ ಅಪರಾಧ ಎಂದು ಬರೆದಿಲ್ಲ, ಆದರೂ ಖಾಸಗಿತನದ ಹಕ್ಕಿಗೆ ಧಕ್ಕೆ ತರುವಂಥದ್ದು ಎಂದ ಕೋರ್ಟು, ಹಾಕಿದವರ ವಿವರ ಕೊಡಿ ಎಂದು ಎಕ್ಸ್, ಅಂದರೆ ಹಿಂದಿನ ಟ್ವಿಟರ್ ಕಂಪನಿಗೆ ಹೇಳಿತು. ಇದೇ ಕೆಲಸವನ್ನು ಸಿಂಗಪುರ 2019ರಲ್ಲೇ ತಿದ್ದುಪಡಿ ತಂದು ಅಪರಾಧ ಮಾಡಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 2024ರ ಜನವರಿ 1ರಿಂದ ಅಪರಾಧ. ಆಸ್ಟ್ರೇಲಿಯಾ ಅದೇ ವರ್ಷದ ಕೊನೆಗೆ ಮಾಡಿತು.

ನಮ್ಮಲ್ಲಿ ಒಂದೇ ಬಟ್ಟೆ ಇಲ್ಲದಿದ್ದರೆ ತುಂಡು ತುಂಡು ಜೋಡಿಸಬೇಕು. ನಮ್ಮ ಅಜ್ಜಿಯರು ಕೌದಿ ಹೊಲಿಯುತ್ತಿದ್ದರಲ್ಲ, ಹಾಗೆ. ಹಳೆ ಸೀರೆಯದೊಂದು ತುಂಡು, ಅಂಗಿಯದೊಂದು ತುಂಡು. ವಕೀಲರ ಕೆಲಸ ಇಲ್ಲಿ ಸೂಜಿ ಹಿಡಿಯುವುದೇ.

ಮೊದಲ ತುಂಡು ದೊಡ್ಡದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು, ಖಾಸಗಿತನ ಮೂಲಭೂತ ಹಕ್ಕು ಅಂತ. ಆ ಕೇಸು ಹಾಕಿದವರು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಅವರು ದೆಹಲಿಗೆ ಹೋದಾಗ ವಯಸ್ಸು ಎಂಬತ್ತಾರು. ಎಂಬತ್ತಾರಕ್ಕೆ ನಾವು ಮೊಣಕಾಲು ನೋವು ಅಂತ ಕೂತಿರುತ್ತೇವೆ ಅಲ್ವಾ? ಆ ತೀರ್ಪಿನಲ್ಲಿ ಒಂದು ಮಾತಿದೆ: ಮನುಷ್ಯ ಸಾರ್ವಜನಿಕ ಜಾಗದಲ್ಲಿ ಇದ್ದಾನೆ ಎಂದ ಮಾತ್ರಕ್ಕೆ ಅವನ ಖಾಸಗಿತನ ಹೋಗುವುದಿಲ್ಲ. ಬೋರ್ಡಿನ ನಂಬರಿಗೆ ನನ್ನ ಉತ್ತರ ಇಲ್ಲೇ ಇದೆ. ಅಕ್ಕ ನಂಬರು ಬರೆಸಿದ್ದು ರೊಟ್ಟಿಗೆ. ರೊಟ್ಟಿ ಬೇಕಾದವರಿಗೆ. ಬೇರೆ ಕೆಲಸಕ್ಕೆ ಅದನ್ನು ಕತ್ತರಿಸಿ ಹಂಚಲು ಅವರು ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ. ಹತ್ತು ಅಂಕಿ ಅವೇ, ಆದರೆ ಕೊಟ್ಟ ಕಾರಣ ಬೇರೆ.

ಹಾಗಂತ ಈ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ಹಿಡಿಯುವ ಗುರಾಣಿ. ಅಕ್ಕನ ಎದುರು ಇದ್ದದ್ದು ಸರ್ಕಾರ ಅಲ್ಲ, ರೊಟ್ಟಿ ತಿಂದು ದುಡ್ಡಿಗೆ ಸತಾಯಿಸಿದವನು.

ಹೊಸ ಡೇಟಾ ಕಾನೂನು ಬಂತಲ್ಲ ಮೇಡಂ ಅಂತ ಕೆಲವರು ಕೇಳುತ್ತಾರೆ. ಬಂತು, 2023ರಲ್ಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 250 ಕೋಟಿ ರೂಪಾಯಿವರೆಗೆ ದಂಡ ಇದೆ, ಕೇಳಲು ಭರ್ಜರಿ. ಆದರೆ ಮೂರನೇ ಸೆಕ್ಷನ್ ಓದಿ. ಒಬ್ಬ ವ್ಯಕ್ತಿ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಯಾರದ್ದೋ ಮಾಹಿತಿಯನ್ನು ಅವರೇ ಸಾರ್ವಜನಿಕ ಮಾಡಿದ್ದರೆ, ಅದಕ್ಕೂ ಅನ್ವಯಿಸುವುದಿಲ್ಲ. ಅಕ್ಕನ ಬೋರ್ಡು ಸೀದಾ ಆ ತೂತಿನಲ್ಲಿ ಬೀಳುತ್ತದೆ. ಇದು ಕಂಪನಿಗಳನ್ನು ಹಿಡಿಯಲು ಹೆಣೆದ ಬಲೆ. ಓಣಿಯ ಕಿಡಿಗೇಡಿ ಇದರ ಕಣ್ಣಿಯಿಂದ ಸಲೀಸಾಗಿ ಜಾರುತ್ತಾನೆ.

ಹಾಗಾದರೆ ಹಿಡಿಯುವುದು ಯಾವುದು? 2024ರ ಜುಲೈ 1ರಿಂದ ಹಳೆ ದಂಡ ಸಂಹಿತೆ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಇದೆ. ಅದರ 79ನೇ ಸೆಕ್ಷನ್ ನನಗೆ ಇಷ್ಟ. ಮಹಿಳೆಯ ಮಾನಕ್ಕೆ ಕುಂದು ತರಬೇಕೆಂದೇ ಆಡಿದ ಮಾತಿನ ಜೊತೆಗೆ, ಅವಳ ಖಾಸಗಿತನದೊಳಗೆ ನುಗ್ಗುವುದೂ ಅದರಲ್ಲಿದೆ. 3 ವರ್ಷದವರೆಗೆ ಜೈಲು. ಹೊಲಸು ಸಾಲು ಬರೆದಿದ್ದಕ್ಕೆ ಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67: ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೇಡ ಎಂದ ಮೇಲೂ ಮತ್ತೆ ಮತ್ತೆ ಫೋನ್ ಮಾಡಿದವರಿಗೆ ಸಂಹಿತೆಯ 78, ಅಂದರೆ ಬೆನ್ನು ಹತ್ತುವುದು. ಎರಡನೇ ಸಲ ಸಿಕ್ಕಿಬಿದ್ದರೆ 5 ವರ್ಷದವರೆಗೆ ಹೋಗುತ್ತದೆ. ಅಕ್ಕನ ಹೆಸರಲ್ಲೇ ನಕಲಿ ಅಕೌಂಟ್ ಮಾಡಿ ವಂಚಿಸಿದ್ದರೆ ಐಟಿ ಕಾಯ್ದೆಯ 66ಸಿ, 66ಡಿ ಇವೆ. ಬೆದರಿಕೆಗೆ ಸಂಹಿತೆಯ 351. ಇದರಲ್ಲಿ ಒಂದು ಚಂದದ ಉಪವಾಕ್ಯ ಇದೆ. ಹೆಸರು ಮುಚ್ಚಿಟ್ಟುಕೊಂಡು ಬೆದರಿಸಿದರೆ, ಮೂಲ ಶಿಕ್ಷೆಯ ಮೇಲೆ ಇನ್ನೂ 2 ವರ್ಷದವರೆಗೆ ಸೇರಿಸಬಹುದು. ಕತ್ತಲೆಯಲ್ಲಿ ನಿಂತು ಕಲ್ಲು ಹೊಡೆಯುವುದು ಹೆಚ್ಚಿನ ತಪ್ಪು ಅಂತ ಕಾನೂನಿಗೆ ಬ್ರಿಟಿಷರ ಕಾಲದಿಂದಲೂ ಗೊತ್ತಿತ್ತು.

78, 79 ಎರಡೂ ಹೆಣ್ಣುಮಕ್ಕಳಿಗೆ ಮಾತ್ರ. ಇದೇ ಕೆಲಸ ಒಬ್ಬ ಹುಡುಗನಿಗೆ ಮಾಡಿದರೆ ಕೌದಿ ಸಣ್ಣದಾಗುತ್ತದೆ. ಐಟಿ ಕಾಯ್ದೆಯ ಆ ಸೆಕ್ಷನ್‌ಗಳು, ಬೆದರಿಕೆ, ಮಾನನಷ್ಟ, ಸಿವಿಲ್ ದಾವೆ, ಅಷ್ಟೇ. ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ಹುಡುಗನ ಮನೆ ವಿಳಾಸ ಗ್ರೂಪಿನಲ್ಲಿ ಓಡಾಡಿದರೆ ಏನಾಗಬಹುದು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಆ ಮಾತಿಗೆ ಸೇರಿದ್ದು ಇನ್ನೊಂದಿದೆ. ವಿಳಾಸ ಹೊರಗೆ ಹಾಕುವ ಕೆಲಸವನ್ನು ಕೆಲವು ಸಲ ಕಾನೂನೇ ಮಾಡುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು 30 ದಿನ ಮುಂಚೆ ನೋಟಿಸ್ ಕೊಡಬೇಕು. ಅದರಲ್ಲಿ ಹೆಸರು, ವಯಸ್ಸು, ಉದ್ಯೋಗ, ವಾಸದ ಜಾಗ. ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಕೇರಳದಲ್ಲಿ ಇವನ್ನು ವೆಬ್‌ಸೈಟಿಗೂ ಹಾಕುತ್ತಿದ್ದರು. ಬೇರೆ ಬೇರೆ ಧರ್ಮದ ಜೋಡಿಗಳ ನೋಟಿಸ್ ಆರಿಸಿ ಜಾಲತಾಣದಲ್ಲಿ ಹಂಚಲು ಶುರುವಾದ ಮೇಲೆ, 2020ರಲ್ಲಿ ನಿಲ್ಲಿಸಿದರು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ಜೋಡಿ ಬಯಸಿದರೆ ಮಾತ್ರ ನೋಟಿಸ್ ಪ್ರಕಟಿಸಿ ಎಂದಿತು.

ಎಫ್‌ಐಆರ್ ಕಥೆಯೂ ಅಷ್ಟೇ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಎಫ್‌ಐಆರ್ 24 ಗಂಟೆಯಲ್ಲಿ ಪೊಲೀಸ್ ವೆಬ್‌ಸೈಟಿನಲ್ಲಿ ಬರಬೇಕು. ಒಳ್ಳೆಯದೇ, ಯಾರನ್ನು ಯಾಕೆ ಹಿಡಿದಿದ್ದಾರೆ ಅಂತ ಮನೆಯವರಿಗೆ ಗೊತ್ತಾಗಲಿ. ಆದರೆ ದೂರು ಕೊಟ್ಟವರ ವಿಳಾಸವೂ ಅದರಲ್ಲಿ ಇರುತ್ತದೆ! ನಂಬರು ಬಯಲಾಯಿತು ಅಂತ ದೂರು ಕೊಡಲು ಹೋದವರ ಮನೆ ಬಾಗಿಲೂ ಬಯಲಾಗಬಹುದು. ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳಿಗೆ ಅದೇ ಆದೇಶದಲ್ಲಿ ವಿನಾಯಿತಿ ಇದೆ. ದೂರು ಬರೆಯುವಾಗಲೇ ಕೊನೆಯಲ್ಲಿ ಒಂದು ಸಾಲು ಸೇರಿಸಿ: ಇದು ಸೂಕ್ಷ್ಮ ಪ್ರಕರಣ, ಎಫ್‌ಐಆರ್ ವೆಬ್‌ಸೈಟಿಗೆ ಹಾಕಬೇಡಿ. ಅಕ್ಕನ ದೂರಿನಲ್ಲಿ ನಾನು ಇದನ್ನು ಕೈಯಿಂದಲೇ ಬರೆದೆ.

ಅತ್ಯಾಚಾರಕ್ಕೆ ಒಳಗಾದವರ ಹೆಸರು, ಫೋಟೋ ಹಾಕುವುದು ಸಂಹಿತೆಯ 72ರಲ್ಲಿ ಅಪರಾಧ, 2 ವರ್ಷದವರೆಗೆ ಜೈಲು. "ನ್ಯಾಯ ಬೇಕು" ಅಂತ ಬರೆದು ಹಾಕಿದರೂ ಅಪರಾಧವೇ. ನಿಮ್ಮ ಸ್ಟೇಟಸ್ ಒಮ್ಮೆ ನೋಡಿಕೊಳ್ಳಿ.

ಅಕ್ಕ ಏನು ಮಾಡಿದರು ಅಂತ ಹೇಳುತ್ತೇನೆ, ಅದರಲ್ಲಿ ಕಲಿಯುವುದಿದೆ. ಅವರಿಗೆ ಸ್ಕ್ರೀನ್‌ಶಾಟ್ ಹೊಡೆಯಲು ಬರುತ್ತಿರಲಿಲ್ಲ. ಮಗಳ ಹಳೆ ಗಣಿತದ ನೋಟ್‌ಬುಕ್ ತೆಗೆದುಕೊಂಡು, ಪ್ರತಿ ಫೋನಿನ ಹೊತ್ತು, ನಂಬರಿನ ಕೊನೆಯ ನಾಲ್ಕು ಅಂಕಿ, ಏನಂದರು ಎಲ್ಲ ಬರೆದಿಟ್ಟಿದ್ದರು. ಹೊಲಸು ಮಾತು ಬಂದ ಕಡೆ ಬರೆಯಲು ನಾಚಿಕೆಯಾಗಿ ಬರೀ ಒಂದು ಗೆರೆ ಎಳೆದಿದ್ದರು. ಒಂದು ಪುಟ ತಿರುವಿದರೆ ಸಾಲು ಸಾಲು ಗೆರೆ. ಕೋರ್ಟಿಗೆ ಆ ಪುಸ್ತಕ ಬಹಳ ಕೆಲಸಕ್ಕೆ ಬಂತು, ಯಾಕೆಂದರೆ ಅದರ ಹೊತ್ತು, ಕಂಪನಿಯಿಂದ ಬಂದ ಕಾಲ್ ರೆಕಾರ್ಡಿನ ಹೊತ್ತು ಎರಡೂ ತಾಳೆಯಾದವು.

ನಿಮಗೆ ಸ್ಕ್ರೀನ್‌ಶಾಟ್ ಬರುತ್ತದೆ. ಹೊಡೆಯಿರಿ, ಆದರೆ ಲಿಂಕ್, ಅಕೌಂಟಿನ ಹೆಸರು, ದಿನಾಂಕ ಕಾಣುವ ಹಾಗೆ. ಸಿಟ್ಟಿನಲ್ಲಿ ಮೊದಲು ಡಿಲೀಟ್ ಮಾಡಬೇಡಿ, ಸಿಮ್ ಮುರಿಯಬೇಡಿ. ಆ ಫೋನೇ ನಿಮ್ಮ ಸಾಕ್ಷಿ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷಿಗೆ ಪ್ರಮಾಣಪತ್ರ ಬೇಕು. ಅರ್ಧ ನೀವು ತುಂಬಬೇಕು, ಅರ್ಧ ತಜ್ಞರು. ಅದು ವಕೀಲರ ತಲೆನೋವು, ನಿಮ್ಮದಲ್ಲ.

ಆಮೇಲೆ ಕಂಪನಿಗೆ ದೂರು. 2021ರ ಐಟಿ ನಿಯಮಗಳಂತೆ ಪ್ರತಿ ದೊಡ್ಡ ಜಾಲತಾಣಕ್ಕೂ ಭಾರತದಲ್ಲಿ ದೂರು ಅಧಿಕಾರಿ ಇರಬೇಕು. ಬೆತ್ತಲೆ ಚಿತ್ರ, ತಿರುಚಿದ ಚಿತ್ರ, ನಕಲಿ ಅಕೌಂಟಿನ ದೂರಿಗೆ ಆ ನಿಯಮ ಮೊದಲು ಕೊಟ್ಟಿದ್ದು 24 ಗಂಟೆ, 2026ರ ಫೆಬ್ರವರಿಯ ತಿದ್ದುಪಡಿಯಲ್ಲಿ ಅದನ್ನು 2 ಗಂಟೆಗೆ ಇಳಿಸಿದರು. ಅವರ ಉತ್ತರ ಸರಿ ಅನ್ನಿಸದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ದುಡ್ಡು ಬೇಡ, ವಕೀಲರೂ ಬೇಡ. ಇದನ್ನು ಹೇಳಿದರೆ ನನ್ನ ಹೊಟ್ಟೆಪಾಡಿಗೆ ಕಲ್ಲು, ಆದರೂ ಹೇಳುತ್ತಿದ್ದೇನೆ.

ಪೊಲೀಸರ ವಿಷಯ. ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ಅಥವಾ ಮೇಲಿನವರೇ ತನಿಖೆ ಮಾಡಬೇಕು. ಅದಕ್ಕೇ ಓಣಿಯ ಠಾಣೆಯಲ್ಲಿ "ಸೆನ್ ಠಾಣಿಗೆ ಹೋಗ್ರಿ" ಅಂತಾರೆ. ಸೈಬರ್, ಆರ್ಥಿಕ, ಮಾದಕ ಅಪರಾಧಗಳ ಠಾಣೆ ಅದು. ಅಲ್ಲಿಗೆ ಹೋಗಿ, ತಪ್ಪಿಲ್ಲ. ಆದರೆ "ನಮ್ಮ ಹದ್ದಲ್ಲ" ಎಂದು ದೂರನ್ನೇ ತೆಗೆದುಕೊಳ್ಳದೆ ಕಳಿಸುವ ಹಾಗಿಲ್ಲ. ಹಳೆ ಸಿಆರ್‌ಪಿಸಿ ಬದಲು ಬಂದ, ಪೊಲೀಸರು ಹೇಗೆ ನಡೆಯಬೇಕು ಅಂತ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 173ರಲ್ಲಿ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಮೊಬೈಲ್‌ನಿಂದ ಕಳಿಸಿದರೆ 3 ದಿನದಲ್ಲಿ ಹೋಗಿ ಸಹಿ ಹಾಕಬೇಕು. ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಮೇಲಧಿಕಾರಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ. 1930 ಮುಖ್ಯವಾಗಿ ದುಡ್ಡು ಹೋದಾಗ ಮಾಡುವ ನಂಬರು. ಇಂಥದ್ದಕ್ಕೆ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್ ಇದೆ. ಹೆಣ್ಣುಮಕ್ಕಳ ಮೇಲಿನ ಕೆಲವು ಅಪರಾಧಗಳಿಗೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಹಾಕಿದವನು ಯಾರು ಅಂತಲೇ ಗೊತ್ತಿಲ್ಲದಿದ್ದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುವುದು ಯಾರ ಮೇಲೆ? ಅದಕ್ಕೂ ದಾರಿ ಇದೆ. ಅಮೆರಿಕದವರು ಅಂಥ ಅನಾಮಿಕನಿಗೆ ಜಾನ್ ಡೋ ಅನ್ನುತ್ತಾರೆ. ನಮ್ಮ ಕೋರ್ಟುಗಳಲ್ಲಿ ಅವನ ಹೆಸರು ಅಶೋಕ್ ಕುಮಾರ್. ನಿಜವಾದ ಅಶೋಕ್ ಕುಮಾರ್‌ಗಳು ಏನು ಪಾಪ ಮಾಡಿದ್ದರೋ! ಹೈಕೋರ್ಟಿಗೆ ಹೋಗಬೇಕಾದರೂ ಈಗ ಬೆಂಗಳೂರಿನ ರೈಲು ಹತ್ತಬೇಕಿಲ್ಲ. 2008ರಲ್ಲಿ ಇಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು.

ಹೊಸ ಕಾನೂನು ಬೇಕಾ? ನನ್ನ ಪ್ರಕಾರ ಬೇಕು, ಆದರೆ ಸಣ್ಣದು. ಸಿಂಗಪುರ, ನೆದರ್‌ಲ್ಯಾಂಡ್ಸ್ ಎರಡೂ ನೋಡುವುದು ಉದ್ದೇಶವನ್ನು: ಕಾಟ ಕೊಡಲು, ಹೆದರಿಸಲು ಹಾಕಿದ್ದೋ ಇಲ್ಲವೋ. ಅಷ್ಟಕ್ಕೇ ನಿಲ್ಲಬೇಕು. ನಮ್ಮಲ್ಲಿ ಐಟಿ ಕಾಯ್ದೆಯಲ್ಲಿ 66ಎ ಅಂತ ಒಂದು ಸೆಕ್ಷನ್ ಇತ್ತು. "ಕಿರಿಕಿರಿ" ಆಯಿತು ಅಂದರೂ ಸಾಕು, ಒಳಗೆ ಹಾಕುತ್ತಿದ್ದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಡಾಕ್ಸಿಂಗ್ ಕಾನೂನನ್ನು ಅಳತೆ ತಪ್ಪಿ ಹೊಲಿದರೆ, ನಾಳೆ ಕಚೇರಿಯಲ್ಲಿ ಲಂಚ ಕೇಳಿದವರ ಹೆಸರು ಬರೆದ ಪತ್ರಕರ್ತನ ಮೇಲೆ ಮೊದಲ ಕೇಸು ಬೀಳುತ್ತದೆ. ಅಧಿಕಾರಿಯ ಕಚೇರಿ ನಂಬರು ಕೊಡುವುದು ಡಾಕ್ಸಿಂಗ್ ಅಲ್ಲ. ಅವರ ಮಗಳ ಶಾಲೆಯ ಹೆಸರು ಹಾಕುವುದು ಹೌದು.

ಅಕ್ಕನ ಕೇಸಿನಲ್ಲಿ ಚಾರ್ಜ್‌ಶೀಟ್ ಆಗಿದೆ, ತಾರೀಖು ನಡೆಯುತ್ತಿದೆ. ಬೋರ್ಡು ಇನ್ನೂ ಅಲ್ಲೇ ಇದೆ. ನಂಬರು ಬದಲಾಗಿದೆ, ಈಗ ಅದು ಗಂಡನದು. ಫೋನ್ ಎತ್ತುವುದೂ ಗಂಡನೇ. ಹಿಟ್ಟು ನಾದುವಾಗ ಫೋನ್ ಬಂದರೆ ಮೊದಲು ಅಕ್ಕ ಮೊಣಕೈಯಿಂದ ಎತ್ತಿ ಭುಜಕ್ಕೆ ಒತ್ತಿಕೊಂಡು ಗಿರಾಕಿಗಳ ಜೊತೆ ಮಾತಾಡುತ್ತಿದ್ದರಂತೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಫಾರ್ವರ್ಡ್ ಮಾಡಿದ್ರೂ ಕೇಸ್ ಆಗ್ತದೇನ್ರಿ?" ಆಗುತ್ತದಮ್ಮ. ಐಟಿ ಕಾಯ್ದೆಯ 67ರಲ್ಲಿ ಪ್ರಕಟಿಸುವುದರ ಜೊತೆಗೆ ರವಾನಿಸುವುದೂ ಇದೆ. ಮೊದಲು ಬರೆದಿದ್ದು ನಾನಲ್ಲ ಅನ್ನುವುದು ಉತ್ತರವಾಗುವುದಿಲ್ಲ.

ಹಿಂದಿನ ಸಾಲಿನಲ್ಲಿ ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ ಹಿರಿಯರೊಬ್ಬರು ಎದ್ದರು. "ಮೇಡಂ, ನಾ ನಮ್ಮ ಬಡಾವಣಿ ಗ್ರೂಪಿನ ಅಡ್ಮಿನ್ ಇದ್ದೀನ್ರಿ. ಬ್ಯಾರೆದವರು ಹಾಕಿದ್ದಕ್ಕ ನನ್ ಮ್ಯಾಲ ಬರ್ತದೇನ್ರಿ?" ಬೇರೆಯವರ ಪೋಸ್ಟಿಗೆ ಅಡ್ಮಿನ್ ತಾನಾಗಿಯೇ ಹೊಣೆ ಆಗುವುದಿಲ್ಲ ಅಂತ ಬಾಂಬೆ, ಕೇರಳ ಹೈಕೋರ್ಟುಗಳು ಹೇಳಿವೆ, ನೀವು ಹಾಕಿದ್ದಕ್ಕೆ ನೀವೇ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ವೇದಿಕೆಯ ಹತ್ತಿರ ಬಂದು ಮೊಬೈಲ್ ತೋರಿಸಿದರು. ಹೋದ ದಸರಾ ಚಂದಾ ಎತ್ತುವಾಗ ಅವರೇ ಹಾಕಿದ್ದ ಪಟ್ಟಿ: ಮನೆ ನಂಬರು, ಯಜಮಾನರ ಹೆಸರು, ಮೊಬೈಲ್, ಗಾಡಿ ನಂಬರು, ಒಂದೆರಡು ಕಡೆ "ಒಬ್ಬರೇ ಹೆಣ್ಮಕ್ಕಳು ಇರ್ತಾರ" ಅಂತ ಷರಾ. ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ, ಚಂದಾ ಕೇಳಲು ಹೋಗುವ ಹುಡುಗರಿಗೆ ಗೊತ್ತಿರಲಿ ಅಂತ.

"ಈಗ ಅಳಿಸ್ಬಿಡ್ತೀನ್ರಿ" ಅಂದರು. ನನ್ನ ಎದುರಿಗೇ ಪಟ್ಟಿಯನ್ನು ಒತ್ತಿ ಹಿಡಿದರು. ವಾಟ್ಸಾಪ್‌ನಲ್ಲಿ ಎಲ್ಲರ ಫೋನಿನಿಂದ ಅಳಿಸಲು ಎರಡು ದಿನ ಚಿಲ್ಲರೆ ಮಾತ್ರ ಸಮಯ. ತಿಂಗಳುಗಳೇ ಕಳೆದಿದ್ದವು. ತೆರೆಯ ಮೇಲೆ ಬಂದದ್ದು ಒಂದೇ ಆಯ್ಕೆ: ನನಗಾಗಿ ಅಳಿಸಿ.